ಕರಟದೊಳಗಿನ ಕೋವಿ ಮದ್ದು

ಆಗ ನನಗೆ ಅರವತ್ತೊಂದು. ಎಂಟು ವರ್ಷದ ಹಿಂದಿನ ಮಾತು. ಮಗಳು ಬಾಣಂತನಕ್ಕೆ ಬಂದಿದ್ದಳು, ಮಗುವಿಗೆ ಹದಿನೈದು ದಿನ. ಇಬ್ಬರೂ ಇವತ್ತು ಚೆನ್ನಾಗಿದ್ದಾರೆ. ನಾನು ಜಾಣೆ ಅಂತಲ್ಲ, ನಮ್ಮತ್ತೆಯ ಬೈಗುಳದಿಂದ.

ನಮ್ಮದು ಶೆಟ್ಟಿಕೆರೆ ಕಡೆಯ ತೆಂಗಿನ ತೋಟ. ಕೋತಿಗಳು ಎಳನೀರು ಕಿತ್ತು ಬಿಸಾಡುತ್ತವೆ, ಹಂದಿಗಳು ಸಸಿಯ ಬುಡ ಅಗೆಯುತ್ತವೆ. ಬೆದರಿಸಲು ಯಜಮಾನರ ಹತ್ತಿರ ಲೈಸೆನ್ಸ್ ಇದ್ದ ಹಳೇ ಕೋವಿ ಇತ್ತು. ಅಂಗಡಿಯ ತೋಟಾ ಹಾಕುವಂಥದ್ದಲ್ಲ. ಒಂದೊಂದು ಸಲವೂ ನಳಿಗೆಯ ಬಾಯಿಂದ ಮದ್ದು ಸುರಿದು ತುಂಬಬೇಕು.

ಆ ಕೆಲಸದಲ್ಲಿ ಅವರು ಬಲು ಶಿಸ್ತು. ಬೀಡಿ, ಬೆಂಕಿಪೊಟ್ಟಣ ಎರಡನ್ನೂ ನನ್ನ ಕೈಗೆ ಕೊಟ್ಟು ಅಂಗಳದಾಚೆ ಹುಣಸೆ ಮರದಡಿ ಕೂರುತ್ತಿದ್ದರು. ಮಕ್ಕಳು ಸುಳಿಯುವಂತಿಲ್ಲ, ಯಾರೂ ಮಾತಾಡಿಸುವಂತಿಲ್ಲ. ಮಾತಿನ ಗ್ಯಾನದಲ್ಲಿ ಎರಡು ಸಲ ಮದ್ದು ಸುರಿದರೆ ಕೋವಿ ಮುಖಕ್ಕೇ ಸಿಡಿಯುತ್ತದೆ ಎನ್ನುತ್ತಿದ್ದರು.

ಅವತ್ತು ಮಾತಾಡಿಸಿದವಳು ನಾನೇ.

ಮಳೆಗಾಲದ ತೇವಕ್ಕೆ ಮದ್ದು ಗಂಟುಗಟ್ಟಿತ್ತು. ಅವರು ಅದನ್ನು ಒಂದು ಕರಟಕ್ಕೆ ಸುರಿದು ಬಿಸಿಲಿಗಿಟ್ಟಿದ್ದರು. ನಮ್ಮ ಕಡೆ ಕರಟವೇ ಬಟ್ಟಲು, ಕರಟವೇ ಅಳತೆ. ಉರಿಸುವ ಸೌದೆಯೂ ಅದೇ. ಕರೆಂಟು ಹೋಗಿ ನಲ್ಲಿ ನಿಂತಿತು, ಬಾಣಂತಿ ಸ್ನಾನಕ್ಕೆ ಹಂಡೆ ತುಂಬಬೇಕಿತ್ತು. ಬಾವಿಯಿಂದ ನೀರು ಸೇದಿಕೊಡಿ ಎಂದು ಕೂಗಿದೆ. ಹನಿ ಬೇರೆ ಶುರುವಾಗಿತ್ತು. ಅವರು ಮದ್ದಿನ ಕರಟದ ಮೇಲೆ ಇನ್ನೊಂದು ಕರಟ ಮುಚ್ಚಿ, ಸೂರಿನ ಕೆಳಗಿಟ್ಟು ಬಂದರು. ಸೂರಿನ ಕೆಳಗೆ ಇದ್ದದ್ದು ನನ್ನ ಒಲೆಯ ಕರಟದ ಗುಡ್ಡೆ.

ನೀರು ಕಾದಿರಲಿಲ್ಲ. ಮಗಳು ಮೈಗೆ ಎಣ್ಣೆ ಹಚ್ಚಿಕೊಂಡು, ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬಚ್ಚಲೊಲೆಯಿಂದ ಎರಡು ಮಾರು ದೂರದಲ್ಲಿ ಮಣೆಯ ಮೇಲೆ ಕೂತಿದ್ದಳು. ಉರಿ ಜೋರು ಮಾಡಲು ನಾನು ಕರಟ ತರಲು ಹೋದೆ.

ಮದುವೆಯಾಗಿ ಬಂದ ಹೊಸತರಲ್ಲಿ ಕರಟ ಕೊಡವದೆ ಒಲೆಗೆ ಹಾಕಿದರೆ ಅತ್ತೆ ಅಲ್ಲೇ ಹಿಡಿಯುತ್ತಿದ್ದರು. ಕರಟದೊಳಗಿದ್ದ ಚೇಳು ಒಮ್ಮೆ ಅವರ ಬೆರಳಿಗೆ ಕುಟುಕಿತ್ತಂತೆ. "ನಿನ್ ಕೈಯೇನ್ ಸವ್ದೋಯ್ತದಾ? ಆಚೆ ಕಲ್ಲಿಗೆ ಬಡ್ದು ತಗಂಬಾ" ಎನ್ನುತ್ತಿದ್ದರು. ನಾನು ಒಳಗೊಳಗೇ ಶಾಪ ಹಾಕುತ್ತ ಬಡಿಯುತ್ತಿದ್ದೆ. ಅತ್ತೆ ಹೋಗಿ ಎಷ್ಟೋ ವರ್ಷವಾದರೂ ಕೈ ಆ ಅಭ್ಯಾಸ ಬಿಟ್ಟಿರಲಿಲ್ಲ.

ಜೋಡಿ ಕರಟವೊಂದು ಕೈಗೆ ಬಂತು. ಬಿಡಿಸಿ ಬಾಗಿಲಾಚೆಯ ಕಲ್ಲಿಗೆ ಬಡಿದೆ. ಕರೀ ಪುಡಿ ಸುರಿಯಿತು. ವಾಸನೆಯಲ್ಲೇ ಗೊತ್ತಾಯಿತು. ಅಲ್ಲೇ ಇದ್ದ ಬಕೆಟ್ಟಿನ ನೀರನ್ನು ಅದರ ಮೇಲೆ ಹೊಯ್ದು ಬಚ್ಚಲಿಗೆ ಹೋದೆ.

"ಎದ್ದು ಆಚೆ ಬಾ, ಮಗೂನ ಎತ್ಕಂಡು."

"ಚೇಳಾ ಅವ್ವಾ?"

"ಚೇಳಾಗಿದ್ರೆ ಕೂತ್ಕೋ ಅಂತಿದ್ದೆ. ನಿಮ್ಮಪ್ಪನ ಮದ್ದು."

ಯಜಮಾನರು ಬಂದು ನೋಡಿದರು. ಕಲ್ಲು ನೋಡಿದರು, ಒಲೆ ನೋಡಿದರು, ಮಗು ನೋಡಿದರು. ಹಾಗೇ ಜಗುಲಿಯ ಮೇಲೆ ಕೂತರು. "ನೀನ್ ಕೂಗ್ದೆ, ಮರ್ತೋಯ್ತು ಕಣೇ" ಎಂದರು.

"ಹೂಂ, ಕೂಗ್ದೋಳೂ ನಾನೇ, ಬಡ್ದೋಳೂ ನಾನೇ" ಎಂದೆ.

ಅವತ್ತು ಮಧ್ಯಾಹ್ನವೇ ಅವರು ಮದ್ದಿನ ಡಬ್ಬಿಯನ್ನು ಮನೆಯಿಂದ ಹೊರಗೆ ಸಾಗಿಸಿದರು. ತೋಟದ ಖಾಲಿ ಕೊಠಡಿಯಲ್ಲಿ ಮರದ ಪೆಟ್ಟಿಗೆ, ಅದಕ್ಕೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ನೆನೆದ ಮದ್ದನ್ನು ಒಣಗಿಸುವುದು ಅಲ್ಲಿಗೆ ನಿಂತಿತು. ಕೆಟ್ಟರೆ ನೀರಿಗೆ ಹಾಕಿ ಕದಡಿ ಚೆಲ್ಲುವುದು, ಅಷ್ಟೇ. ಮದ್ದು ಹಿಡಿದು ಕೂತವರನ್ನು ನಾನೂ ಮತ್ತೆ ಕೂಗಿಲ್ಲ, ಮನೆಗೆ ನೆಂಟರು ಬಂದರೂ.

ಅತ್ತೆ ಇದ್ದಾಗ ಅವರಿಗೆ ಒಂದು ಒಳ್ಳೇ ಮಾತು ಆಡಿದವಳಲ್ಲ ನಾನು. ಈಗ ಆಡಿದರೆ ಕೇಳುವವರಿಲ್ಲ. ಅವತ್ತು ಮಡಿಲಲ್ಲಿದ್ದ ಮೊಮ್ಮಗಳು ಈಗ ರಜೆಗೆ ಬಂದಾಗ ಅವಳ ಕೈಯಲ್ಲೂ ಕರಟ ಬಡಿಸುತ್ತೇನೆ. ಮುಖ ಊದಿಸಿಕೊಳ್ಳುತ್ತಾಳೆ. ಊದಿಸಿಕೊಳ್ಳಲಿ.

ಮದ್ದು ಸಿಕ್ಕಿದ ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚುವ ಮೊದಲು ಕರಟದ ಗುಡ್ಡೆಯನ್ನೆಲ್ಲ ಅಂಗಳಕ್ಕೆ ಎಳೆದು, ಒಂದೊಂದನ್ನೇ ಕಲ್ಲಿಗೆ ಬಡಿದೆ. ಎರಡು ಚೇಳು ಸಿಕ್ಕವು. ಆಮೇಲೆ ಬಾಣಂತಿಗೆ ನೀರು ಕಾಯಿಸಿದೆ.