ಗೋಡೆಯಿಲ್ಲದ ಕಾಳುಗಳು

ನಾನು ಜಮಖಂಡಿ, ಮುಧೋಳ, ಸಾವಳಗಿ ಅಂತ ಬಸ್ಸಿನಲ್ಲಿ ಗಂಟು ಹೊತ್ತು ಸೀರೆ ಮಾರಿ ಮೇಲೆ ಬಂದವಳು. ಬನಹಟ್ಟಿಯಲ್ಲಿ ಮಗ್ಗ ನಡೆಸುತ್ತಿದ್ದ ಅಪ್ಪ ಒಂದು ದಿನವೂ ನನ್ನ ವ್ಯಾಪಾರದ ಬಗ್ಗೆ ಕೇಳಿದವನಲ್ಲ. ತಂಗಿ ಧಾರವಾಡದಿಂದ ರಜೆಗೆ ಬಂದರೆ ಮಾತ್ರ, ಅವಳ ಮಾತು ಕೇಳಲು ಮಗ್ಗ ನಿಲ್ಲಿಸುತ್ತಿದ್ದ. ಮಗ್ಗದ ಸದ್ದು ನಿಂತರೆ ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು.

ಆ ಸಲ ಅವಳು ಎಂ.ಎಸ್ಸಿ. ಮುಗಿಸಿ ಬಂದಿದ್ದಳು. ಮೀನಿನ ತತ್ತಿಯ ಮೇಲೆ ಸಂಶೋಧನೆ ಮಾಡಲು ಹೈದರಾಬಾದಿಗೆ ಹೋಗಬೇಕು, ಅದಕ್ಕೆ ಅಪ್ಪ ಹೂಂ ಅನ್ನಬೇಕು. ಅನ್ನದಿದ್ದರೆ ಅವಳೂ ನನ್ನ ಹಾಗೆ ಗಂಟು ಹೊರುತ್ತಾಳೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಊಟಕ್ಕೆ ಕೂತಾಗ ಅಪ್ಪ ಅವಳನ್ನು ಕೇಳಿದ: "ತತ್ತಿಯೊಳಗ ಏನೈತಿ ಬೇ ಅಷ್ಟು ನೋಡೂವಂಥಾದ್ದು?"

"ಸಣ್ಣ ಸಣ್ಣ ಕಾಳು ಅದಾವಪ್ಪಾ. ಸುತ್ತ ಪೊರೆ ಇಲ್ಲ. ಒಂದು ಜೀನ್‌ನಿಂದ ಅಂಟಿನಂಥಾ ಪ್ರೋಟೀನ್ ತಯಾರಾಗತೈತಿ, ಅದು ಅವನ್ನ ಗುಡ್ಡಿ ಹಾಕತೈತಿ. ತತ್ತಿ ಮರಿ ಆಗೂವಾಗ ಆ ಕಾಳು ಯಾವ ಕೋಶಕ್ಕ ಸಿಗತಾವೋ, ಮುಂದಿನ ಪೀಳಿಗಿ ಅದರಿಂದನ."

"ಸುಳ್ಳ ಹೇಳಬ್ಯಾಡ. ಗ್ವಾಡಿ ಇಲ್ದ ಕರಗಿ ಹೋಗಂಗಿಲ್ಲೇನ?"

ತಂಗಿ ಇಂಗ್ಲಿಷ್ ಪದಗಳಲ್ಲಿ ತಡವರಿಸಿದಳು. ಅಪ್ಪನ ಹುಬ್ಬು ಗಂಟಿಕ್ಕಿತು. ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಒಳ್ಳೆಯ ಸರಕನ್ನು ಕೆಟ್ಟದಾಗಿ ಮಾರುವವರನ್ನು ಕಂಡರೆ ನನಗೆ ತಡೆಯದು. ನೀವೂ ವ್ಯಾಪಾರಸ್ಥರಾದರೆ ಕೇಳಿ: ಮೊದಲು ಗಿರಾಕಿಯ ಕೈಗೆ ಸೀರೆಯ ಸೆರಗು ಕೊಡಬೇಕು, ಮಾತು ಆಮೇಲೆ.

ಕಟ್ಟಿನ ಸಾರಿನ ಬಟ್ಟಲನ್ನು ಅಪ್ಪನ ಕೈಗಿಟ್ಟೆ. "ಮ್ಯಾಲ ತೇಲೂ ಒಗ್ಗರಣಿ ಎಣ್ಣಿ ನೋಡಪ್ಪಾ. ಅದಕ್ಕ ಗ್ವಾಡಿ ಐತೇನ? ಬೆರಳ ಆಡ್ಸು."

ಆಡಿಸಿದ. ಹನಿಗಳು ಚೂರಾದವು, ಮತ್ತೆ ಒಂದಕ್ಕೊಂದು ಕೂಡಿ ದೊಡ್ಡವಾದವು.

"ಹಿಂಗ ಏನ?" ಅಂದ, ನನಗಲ್ಲ, ತಂಗಿಗೆ.

"ಹಿಂಗ ಅಪ್ಪಾ. ಆ ಜೀನ್ ಕೆಟ್ಟರ ಕೂಡಂಗಿಲ್ಲ, ಚದುರತಾವು. ಹೆಂಗಂತ ನಾ ನೋಡಬೇಕು."

"ಹೋಗ. ನೋಡ್ಕೊಂಡ ಬಂದು ನನಗೂ ಹೇಳ." ಸಾರು ಕುಡಿಯದೆ ಬೆರಳಾಡಿಸುತ್ತಲೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ, "ನೀ ಒಂದೀಟು ಚಾ ಇಡ" ಅಂದ.

ಅಷ್ಟು ಚೊಕ್ಕ ವ್ಯಾಪಾರ ನಾನು ಯಾವ ಊರಲ್ಲೂ ಮಾಡಿರಲಿಲ್ಲ. ಲಾಭ ಪೂರ್ತಿ ಅವಳಿಗೆ. ಅಡುಗೆಮನೆಯ ಹೊರಗೆ ಅವರಿಬ್ಬರ ಮಾತು ನಡೆದೇ ಇತ್ತು. ನಾನು ಚಾ ಸೋಸಿದೆ, ತಂಗಿಯ ಕಪ್ಪನ್ನು ಅರ್ಧಕ್ಕಷ್ಟೇ ತುಂಬಿಸಿದೆ.