ಹುಲ್ಲಿನಲ್ಲೇ ಉಳಿದ ಚೆಂಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಂತಿಬೇಲಿಯೊಳಗಿನ ಹುಲ್ಲಿನ ಅಂಗಳದಲ್ಲಿ ಹೆಂಗಸೊಬ್ಬರು ಕೆಂಪು ರಬ್ಬರ್ ಚೆಂಡು ಎಸೆಯುತ್ತಾರೆ. ಚೆಂಡು ಪುಟಿದು ಬೇಲಿಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ಅದರ ಹಿಂದೆ ಹಳದಿ ಮೈಯ ಎಳೆ ಲ್ಯಾಬ್ರಡಾರ್ ನಾಯಿಯೊಂದು ಬಿಟ್ಟ ಬಾಣದಂತೆ ಹೊರಡುತ್ತದೆ. ಅರ್ಧ ದಾರಿಯವರೆಗೆ ಎಲ್ಲವೂ ಸರಿ. ಆಮೇಲೆ ಮೂಗು ನೆಲಕ್ಕೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ಚೆಂಡೂ ಬೇಡ, ಎಸೆದವರೂ ಬೇಡ. ಹುಲ್ಲಿನ ಒಂದೊಂದು ಎಸಳಿನ ಕ್ಷೇಮಸಮಾಚಾರ ವಿಚಾರಿಸಿಕೊಂಡು ಅದು ಮೂಸುತ್ತಾ ಹೋಗುತ್ತದೆ.

"ದೊರೆ! ತಗೊಂಡು ಬಾರೋ ನಮ್ಮಪ್ಪ! ಆಮೇಲೆ ಮೂಸುವೆಯಂತೆ!"

ತನ್ನಿಷ್ಟದಂತೆ ನಡೆಯುವುದರಿಂದ ಅದಕ್ಕೆ ದೊರೆ ಎಂದೇ ಹೆಸರು. ದೊರೆ ಕಿವಿ ಆಡಿಸುತ್ತಾನೆ, ತಲೆ ಎತ್ತುವುದಿಲ್ಲ. ಹೆಂಗಸು ಬಲಗಾಲು ಎಳೆಯುತ್ತಾ ಬೇಲಿಯವರೆಗೆ ನಡೆದು, ಸೊಂಟ ಹಿಡಿದು ಬಗ್ಗಿ, ತಾವೇ ಚೆಂಡು ಹೆಕ್ಕಿಕೊಳ್ಳುತ್ತಾರೆ.

"ಈ ಅಂಗಳದಲ್ಲಿ ಚೆಂಡು ತರೋದನ್ನ ಚೆನ್ನಾಗಿ ಕಲ್ತಿರೋದು ಅಂದ್ರೆ ನಾನೊಬ್ಬಳೇ ನೋಡಿ" ಎಂದು ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇವತ್ತು ಹತ್ತು ಗಂಟೆಗೆ ದೊರೆಯ ಪರೀಕ್ಷೆ ಇದೆ.

ಇಲ್ಲಿ ಎಲ್ಲರೂ ಇವರನ್ನು ಚೆಂಡಕ್ಕ ಎನ್ನುತ್ತಾರೆ. ಕೈಕಾಲು ಸ್ವಾಧೀನದಲ್ಲಿ ಇಲ್ಲದವರಿಗೆ ನೆರವಾಗಲು ನಾಯಿಗಳನ್ನು ಪಳಗಿಸಿ ಕೊಡುವ ಪುಟ್ಟ ಕೇಂದ್ರವಿದು. ಹಾಲು ಬಿಟ್ಟ ಮರಿ ಬಂದರೆ ಅದನ್ನು ಮಲಗಿಸಿ, ಏಳಿಸಿ, ಗಲೀಜು ಬಳಿದು, ಒಂದೂವರೆ ವರ್ಷ ಸಾಕಿ ಕಲಿಸುವುದು ಇವರ ಕೆಲಸ. ಕಲಿತ ನಾಯಿಯನ್ನು ಒಪ್ಪಿಸುವ ದಿನ ಫೋಟೊ ತೆಗೆಯುತ್ತಾರೆ. ಆ ಹೊತ್ತಿಗೆ ಚೆಂಡಕ್ಕ ಹಿಂದಿನ ಗೂಡುಗಳನ್ನು ತೊಳೆಯುತ್ತಿರುತ್ತಾರೆ. "ನಾನು ಕಣ್ಣಿಗೆ ಬಿದ್ರೆ ನಾಯಿ ಅವರ ಜೊತೆ ಹೋಗಲ್ಲ, ಅದಕ್ಕೇ" ಎನ್ನುತ್ತಾರೆ.

ಚೆಂಡಾಟ ಇಲ್ಲಿ ಆಟವಲ್ಲ ಎನ್ನುತ್ತಾರೆ ಚೆಂಡಕ್ಕ. "ಚೆಂಡು ಒಂದು ನೆಪ ಅಷ್ಟೇ. ಇವತ್ತು ಚೆಂಡು ತಂದವನು ನಾಳೆ ಬೀಗದ ಕೈ ತರ್ತಾನೆ, ನಾಡಿದ್ದು ಫೋನು ತರ್ತಾನೆ. ಮೂಸ್ತಾ ಕೂತವನು ಏನು ತರ್ತಾನೆ, ಮಣ್ಣು!"

ದೊರೆ ತರಬೇಕಾದ್ದು ಯಾರಿಗೆಂಬುದೂ ನಿಶ್ಚಯವಾಗಿದೆ. ಎರಡು ವರ್ಷದಿಂದ ಕಾಯುತ್ತಿರುವ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಇಲ್ಲಿ ಅವರು ಟೀಚರ್. ಸ್ನಾಯು ಸೋಲುವ ಕಾಯಿಲೆ. ಕಾಲು ಮೊದಲು ಹೋಯಿತು, ಈಗ ಬೆರಳುಗಳು ಮುಷ್ಟಿ ಕಟ್ಟುವುದಿಲ್ಲ. ಹಿಡಿದದ್ದು ಜಾರುತ್ತದೆ. ಒಂದು ಮಧ್ಯಾಹ್ನ ಫೋನು ಜಾರಿ ಮಂಚದ ಕೆಳಗೆ ಹೋಯಿತಂತೆ. ಮನೆಯಲ್ಲಿ ಇರುವ ಇನ್ನೊಂದು ಜೀವವೆಂದರೆ ತಾಯಿ, ಅವರು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗಿದ್ದರು.

ಆ ಕಥೆ ಹೇಳುವಾಗ ಚೆಂಡಕ್ಕ ಚೆಂಡನ್ನು ಎರಡೂ ಕೈಯಲ್ಲಿ ಒತ್ತಿಕೊಳ್ಳುತ್ತಾರೆ. "ಸಂಜೇವರೆಗೂ ರಿಂಗಾಗ್ತಾನೇ ಇತ್ತಂತೆ. ಮಾಡ್ತಿದ್ದದ್ದು ಅವರಮ್ಮನೇ. ಮಗಳಿಗೆ ಏನೋ ಆಗಿಹೋಯ್ತು ಅಂತ ಅಲ್ಲಿ ಅಮ್ಮ ಅಳ್ತಾ ಇರ್ತಾರೆ, ಇಲ್ಲಿ ಇವಳು ಚೆನ್ನಾಗೇ ಇದ್ದಾಳೆ, ಚೆನ್ನಾಗಿದ್ದೀನಮ್ಮ ಅಂತ ಹೇಳೋಕೆ ಆಗಲ್ಲ. ಇಷ್ಟೇ ಇಷ್ಟು ದೂರದಲ್ಲಿ ಫೋನು."

ತರುವುದನ್ನು ಕಲಿಸುವ ಬಗೆ ಕೇಳಿದರೆ ವಿಚಿತ್ರವೆನಿಸುತ್ತದೆ. ನಾಯಿ ಚೆಂಡು ಕಚ್ಚಿದ ಕೂಡಲೇ ಕಲಿಸುವವರು ಬೆನ್ನು ತಿರುಗಿಸಿ ಓಡಬೇಕು. ನಾಯಿಯ ಕಡೆಗೆ ಹೋದರೆ ಅದು ಕಿತ್ತುಕೊಳ್ಳಲು ಬಂದರೆಂದು ತಪ್ಪಿಸಿಕೊಳ್ಳುತ್ತದೆ; ದೂರ ಓಡಿದರೆ, ಅಯ್ಯೋ ನನ್ನವರು ಹೊರಟೇಹೋದರು ಎಂದು ಬಾಯಲ್ಲಿ ಚೆಂಡಿರುವಾಗಲೇ ಬೆನ್ನಟ್ಟುತ್ತದೆ. ಹಿಂದಿನ ನಾಯಿಗಳೆಲ್ಲ ಹೀಗೇ ಕಲಿತವು. ಚೆಂಡಕ್ಕ ಓಡಿದರು, ಅವು ತಂದವು.

ದೊರೆ ಬರುವ ಹೊತ್ತಿಗೆ ಚೆಂಡಕ್ಕನ ಮೊಣಕಾಲು ಕೈಕೊಟ್ಟಿತ್ತು. ಊದಿ ಕುಂಬಳಕಾಯಿಯಾಗಿತ್ತು. ಓಡುವುದಿರಲಿ, ಮರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈತುತ್ತು ತಿನ್ನಿಸುವುದೂ ಆಗಲಿಲ್ಲ. ಬದಲಿಗೆ ಯಾರನ್ನಾದರೂ ಕೊಡಿ ಎಂದರು; ಕೇಂದ್ರದಲ್ಲಿ ಕೊಡಲು ಯಾರೂ ಇರಲಿಲ್ಲ. ಹಾಗಾಗಿ ನಿಂತಲ್ಲಿಂದಲೇ ತಿನಿಸಿನ ಕಾಳುಗಳನ್ನು ಹುಲ್ಲಿನ ಮೇಲೆ ಎರಚಿದರು. ಮರಿ ಹುಡುಕಿ ಹುಡುಕಿ ತಿಂದು, ದಣಿದು, ತೆಪ್ಪಗೆ ಮಲಗುತ್ತಿತ್ತು. ಅದೊಂದು ಚಳಿಗಾಲ ಪೂರ್ತಿ ಹಾಗೇ ನಡೆಯಿತು. ಹುಲ್ಲೆಂದರೆ ಊಟ ಎಂದು ಮರಿಯ ತಲೆಯಲ್ಲಿ ಕೂತದ್ದು ಕೂತೇಬಿಟ್ಟಿತು.

"ನಾಯಿ ತಪ್ಪೇನಿಲ್ಲ. ಹೇಳಿಕೊಟ್ಟಿದ್ದನ್ನ ಒಂದಿಷ್ಟೂ ಮರೀದೆ ಮಾಡ್ತಿದೆ" ಎಂದು ಕೇಂದ್ರದ ಮೇಲ್ವಿಚಾರಕರು ಎಲ್ಲರೆದುರೇ ಕುಟುಕುತ್ತಾರೆ. ಫಿನಾಯಿಲ್ ಹಾಕಿ ಒರೆಸಿದ ಸಿಮೆಂಟಿನ ಪಡಸಾಲೆಯಲ್ಲಿ ಅದೇ ದೊರೆ ಕರೆದಾಗೆಲ್ಲ ಚೆಂಡು ತರುತ್ತಾನೆ. ಅಂಗಳಕ್ಕೆ ಕಾಲಿಟ್ಟರೆ ಬೇರೆಯೇ ನಾಯಿ. ಚೆಂಡಿಗೆ ಹಗ್ಗ ಕಟ್ಟಿದ್ದಾಯಿತು, ಒಳಗೆ ಪೀಪಿ ಇರುವ ಚೆಂಡು ತಂದದ್ದಾಯಿತು, ಹುಲ್ಲಿನ ಮೇಲೆ ಗೋಣಿಚೀಲ ಹಾಸಿ ನೋಡಿದ್ದೂ ಆಯಿತು. ಚೆಂಡಕ್ಕ ರಜೆಯ ದಿನವೂ ಬಂದು ಎಸೆಯುತ್ತಾರೆ. "ನಾನು ಅ ಆ ಇ ಈ ಕಲಿಯೋವಾಗ ನಿಂಗೆ ಇದರಲ್ಲಿ ಅರ್ಧ ತಾಳ್ಮೆ ಇದ್ದಿದ್ರೆ ನನ್ನ ಕಿವಿ ಇಷ್ಟುದ್ದ ಆಗ್ತಿರಲಿಲ್ಲಮ್ಮ" ಎಂದು ಮಗಳು ಛೇಡಿಸುತ್ತಾಳಂತೆ.

ಹತ್ತು ಗಂಟೆಗೆ ಟೀಚರ್ ಬರುತ್ತಾರೆ. ಗಾಲಿಕುರ್ಚಿ ಹುಲ್ಲಿನ ನಡುವೆ ನಿಲ್ಲುತ್ತದೆ. ಅವರ ಬೆರಳಿಂದ ಬೀಗದ ಕೈ ಗೊಂಚಲು ಕೆಳಗೆ ಬೀಳುತ್ತದೆ; ಬೀಳಿಸಲು ಅವರು ಪ್ರಯತ್ನಪಡಬೇಕಾಗಿಯೇ ಇಲ್ಲ. "ದೊರೆ, ತಗೊಂಡು ಬಾ ರಾಜಾ."

ದೊರೆ ಬರುತ್ತಾನೆ. ಗೊಂಚಲನ್ನು ಮೂಸುತ್ತಾನೆ, ಪಕ್ಕದ ಹುಲ್ಲನ್ನು ಮೂಸುತ್ತಾನೆ, ಅದರ ಪಕ್ಕದ್ದನ್ನು ಮೂಸುತ್ತಾ ಬೇಲಿಯ ಕಡೆ ಹೊರಟುಹೋಗುತ್ತಾನೆ.

"ಇನ್ನೊಂದ್ಸಲ ನೀವೇ ಮಾಡ್ಸಿ ಅಕ್ಕ" ಎನ್ನುತ್ತಾರೆ ಮೇಲ್ವಿಚಾರಕರು. ದನಿಯಲ್ಲಿ ಈಗ ಕುಟುಕಿಲ್ಲ.

ಚೆಂಡಕ್ಕ ಗೊಂಚಲು ಎಸೆಯುತ್ತಾರೆ. ದೊರೆ ಓಡುತ್ತಾನೆ. ಎತ್ತಿಕೊಳ್ಳುತ್ತಾನೆ! ಚೆಂಡಕ್ಕ ಬೆನ್ನು ತಿರುಗಿಸಿ ಓಡುತ್ತಾರೆ. ಎಷ್ಟು ಕಾಲದ ಮೇಲೋ, ನಿಜವಾಗಿಯೂ ಓಡುತ್ತಾರೆ. ನಾಲ್ಕು ಹೆಜ್ಜೆಗೆ ಮೊಣಕಾಲು ಮಡಚಿಕೊಂಡು ಕುಸಿದು ಕೂರುತ್ತಾರೆ. ದೊರೆ ಹಾರಿ ಬರುತ್ತಾನೆ, ಅವರ ಮುಖವನ್ನೆಲ್ಲ ನೆಕ್ಕುತ್ತಾನೆ. ಬಾಯಿ ಖಾಲಿ. ಗೊಂಚಲು ದಾರಿಯಲ್ಲೆಲ್ಲೋ ಬಿದ್ದಿದೆ.

"ನಮ್ಮನೆ ಒಳಗೆ ಹುಲ್ಲಿಲ್ವಲ್ಲ ಸರ್" ಎನ್ನುತ್ತಾರೆ ಟೀಚರ್ ಮೆಲ್ಲಗೆ.

"ಶಾಲೆಗೆ ಹೋಗೋ ದಾರಿಯಲ್ಲಿ ಇದೆಯಲ್ಲಮ್ಮ. ಮೂಗು ನೆಲಕ್ಕೆ ಹಾಕಿದ ಅಂದ್ರೆ ಕುರ್ಚಿ ಸಮೇತ ಎಳ್ಕೊಂಡು ಹೋಗ್ತಾನೆ. ನೀವು ಬಿದ್ರೆ ಎತ್ತೋರು ಯಾರು?"

ದೊರೆ ನಪಾಸು. ಸೋಮವಾರ ಅವನನ್ನು ಸುಮ್ಮನೆ ನಾಯಿ ಸಾಕಿಕೊಳ್ಳುವವರ ಮನೆಗೆ ಕಳಿಸುತ್ತಾರೆ. ಅಲ್ಲಿ ಅವನು ಸುಖವಾಗಿಯೇ ಇರುತ್ತಾನೆ, ಅವನ ಚಿಂತೆಯಿಲ್ಲ.

"ಮುಂದಿನ ಮರಿ ಯಾವಾಗಕ್ಕ?" ಟೀಚರ್ ಕೇಳುತ್ತಾರೆ.

"ಗೊತ್ತಿಲ್ಲಮ್ಮ. ಬಂದ್ಮೇಲೂ ಒಂದೂವರೆ ವರ್ಷ."

ಟೀಚರ್ ಮಡಿಲಲ್ಲಿ ಬಿದ್ದಿರುವ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾರೆ. "ಅಷ್ಟೊತ್ತಿಗೆ ಕುರ್ಚಿಯ ಗುಂಡಿ ಒತ್ತೋಕೆ ಆಗುತ್ತೋ ಇಲ್ವೋ" ಎನ್ನುತ್ತಾರೆ, ಬೇರೆ ಯಾರದೋ ವಿಷಯವೆಂಬಂತೆ. ಚೆಂಡಕ್ಕ ಗೊಂಚಲನ್ನು ಹುಡುಕಿ ತಂದು, ಸೀರೆಯ ಸೆರಗಿನಲ್ಲಿ ಒರೆಸಿ, ಅವರ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾರೆ.

ಮಧ್ಯಾಹ್ನ ಗೂಡುಗಳ ಎದುರಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಾರೆ. ಮೊಣಕಾಲಿನ ಮೇಲೆ ಒದ್ದೆ ಬಟ್ಟೆ. ಕೆಲಸ ಬಿಡುತ್ತೀರಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಬಿಟ್ರೆ ಆ ಟೀಚರ್ ಹುಡುಗಿಗೆ ನಾಯೀನ ಯಾರು ಪಳಗಿಸಿ ಕೊಡ್ತಾರೆ? ಮುಂದಿನ ಮರಿಗೆ ಹೀಗೇ ಮೆಟ್ಟಿಲ ಮೇಲೆ ಕೂತು ಕೈಯಿಂದ್ಲೇ ತಿನ್ನಿಸ್ತೀನಿ. ಓಡೋಕೆ ಮಾತ್ರ ಯಾರಾದ್ರೂ ಒಬ್ರು ಬರ್ಲಿ. ಯಾವಾಗ ಓಡ್ಬೇಕು ಅಂತ ನಾನು ಕೂಗಿ ಹೇಳ್ತೀನಿ. ಗಂಟಲು ಇನ್ನೂ ಗಟ್ಟಿಯಾಗೇ ಇದೆ."