ಹದಿನಾಲ್ಕನೇ ಬಟ್ಟೆ

ಇಡೀ ಬೀದಿ ಅವಳನ್ನು ಹೊಲಿಗೆ ಅತ್ತಿಗೆ ಎಂದೇ ಕರೆಯುತ್ತಿತ್ತು. ಸ್ವಂತ ಅತ್ತೆ ಕೂಡ ಒಮ್ಮೆ ಬಾಯ್ತಪ್ಪಿ ಹಾಗೆ ಕರೆದದ್ದುಂಟು. ಶಾಲೆಯ ಫುಟ್‌ಬಾಲ್ ತಂಡದ ಹನ್ನೊಂದು ಮಕ್ಕಳಿಗೂ ಅಂಗಿ ಚಡ್ಡಿ ಹೊಲಿಯುವವಳು ಅವಳೇ. ಹೋದ ವರ್ಷ, ಮಕ್ಕಳ ಮೈಗೆ ತಂಪಾಗಿರಲಿ ಎಂದು ಶುದ್ಧ ಹತ್ತಿಯದ್ದು ಹೊಲಿದಳು. ಆಟದ ನಡುವೆ ಮಳೆ ಬಂತು. ಹತ್ತಿ ಹೊಟ್ಟೆತುಂಬ ನೀರು ಕುಡಿಯಿತು, ಚಡ್ಡಿಗಳು ಒಂದೊಂದಾಗಿ ಕೆಳಗಿಳಿದವು. ಪಾಪ, ಗೋಲ್‌ಕೀಪರ್ ಎರಡೂ ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಏಳು ಗೋಲು ಬಿಟ್ಟುಕೊಟ್ಟ.

"ಇದೊಂದ್ಸಲ ನೋಡ್ತೀನಿ ಅಕ್ಕ," ಎಂದರು ಡ್ರಿಲ್ ಮೇಷ್ಟ್ರು. "ಮತ್ತೆ ಹೆಚ್ಚುಕಮ್ಮಿ ಆದ್ರೆ ಅಂಗಡಿಯಿಂದಾನೇ ತರಿಸ್ತೀವಿ."

ಅವಳು ಮನೆಗೆ ಬಂದು ಲೆಕ್ಕ ಹಾಕಿದಳು. ಹೊಲಿಗೆ ಹೋದರೆ ತಾನು ಬರೀ ಅತ್ತಿಗೆ. ಅಂಥವರು ಬೀದಿಯಲ್ಲಿ ಮೂವತ್ತು ಜನ ಇದ್ದರು.

ಬಟ್ಟೆ ಅಂಗಡಿಯಿಂದ ಹದಿನಾಲ್ಕು ಬಗೆಯ ತುಂಡು ತಂದಳು. ಪರೀಕ್ಷೆಗೆ ಗಂಡ ಸಿಕ್ಕ. ಸೊಳ್ಳೆ ಪಕ್ಕದಲ್ಲಿ ಹಾದುಹೋದರೂ ದದ್ದು ಏಳುವ ಮೈ ಅವನದು. ಅವನಿಗೆ ಒಗ್ಗಿದ್ದು ಲೋಕಕ್ಕೇ ಒಗ್ಗುತ್ತದೆ ಎಂಬುದು ಅವಳ ನಂಬಿಕೆ. ಪ್ರತಿ ತುಂಡಿನಲ್ಲೂ ಮಕ್ಕಳ ಅಳತೆಯ ಒಂದು ಬನಿಯನ್ ಹೊಲಿದು ಅವನ ತಲೆಯಿಂದ ತುರುಕುವಳು. ಮೆಟ್ಟಿಲು ಇಪ್ಪತ್ತು ಸಲ ಹತ್ತಿ ಇಳಿಯಬೇಕು. ಆಮೇಲೆ ಒಂದು ಬಕೆಟ್ ನೀರು. ಆಮೇಲೆ ತಾರಸಿಯ ಮೇಲೆ ಉರುಳಾಟ.

"ಅಣ್ಣಂಗೆ ಏನಾಗಿದೆ?" ಪಕ್ಕದ ಮನೆಯಾಕೆ ಗಾಬರಿಯಿಂದ ಕೇಳಿದಳು.

"ಪಾಲಿಯೆಸ್ಟರ್," ಎಂದಳು ಇವಳು, ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ.

ಹದಿಮೂರು ಬಟ್ಟೆ ಫೇಲಾದವು. ಹದಿನಾಲ್ಕನೆಯದು ತೊಟ್ಟು ಗಂಡ ಗೋಡೆ ಹಿಡಿದು ನಿಂತು, "ಬೆಣ್ಣೆ ಕಣೇ, ಬೆಣ್ಣೆ," ಎಂದ. ಅವಳು ಅವತ್ತೇ ಕತ್ತರಿ ಹಾಕಿದಳು.

ಪಂದ್ಯದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಹತ್ತು ನಿಮಿಷಕ್ಕೆ ಒಬ್ಬ ಬೆನ್ನು ಕೆರೆದುಕೊಂಡ. ನೋಡನೋಡುತ್ತ ಇಡೀ ತಂಡ ನಿಂತಲ್ಲೇ ಕೆರೆದುಕೊಳ್ಳತೊಡಗಿತು. ಗೋಲ್‌ಕೀಪರ್ ಕಂಬಕ್ಕೆ ಬೆನ್ನು ಉಜ್ಜುತ್ತಿರುವಾಗ ಚೆಂಡು ನಿಧಾನಕ್ಕೆ ಉರುಳಿಕೊಂಡು ಒಳಗೆ ಹೋಯಿತು. ಎದುರಾಳಿಗಳೂ ಆಟ ಬಿಟ್ಟು ಕೂತು ನೋಡಿದರು.

ಅವಳು ಪಕ್ಕದಲ್ಲಿ ನಿಂತಿದ್ದ ಗಂಡನತ್ತ ತಿರುಗಿದಳು. "ರೀ, ಆ ಬಟ್ಟೆ ಚುಚ್ತಿತ್ತಾ?"

"ಚುಚ್ತಿತ್ತು ಕಣೇ," ಎಂದ ಗಂಡ, ನೆಲ ನೋಡುತ್ತ. "ನಿನ್ನ ಮುಖ ನೋಡ್ದೆ. ಚುಚ್ತಿದೆ ಅನ್ನೋಕೆ ಬಾಯಿ ಬರ್ಲಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಇನ್ನೇನು ಬೈಯಬೇಕು, ಅಷ್ಟರಲ್ಲಿ ಅವನ ಮೈಮೇಲಿನ ನೀಲಿ ಅಂಗಿ ಕಣ್ಣಿಗೆ ಬಿತ್ತು. ಮದುವೆಯಾದ ವರ್ಷ ಅವಳೇ ಹೊಲಿದದ್ದು. ಸಂಭ್ರಮದ ದಿನವೆಂದರೆ ಅವನು ತೊಡುತ್ತಿದ್ದುದು ಅದೊಂದನ್ನೇ.

"ಮತ್ತೆ ಇದು?"

ಅವನು ಕಾಲರಿನೊಳಗೆ ಬೆರಳು ತೂರಿಸಿ ಕೆರೆದುಕೊಂಡ. "ಇದೂನೂ."

"ಯಾವಾಗ್ಲಿಂದ?"

"ಇಪ್ಪತ್ತಾರು ವರ್ಷ ಆಯ್ತು."

ಅಷ್ಟರಲ್ಲಿ ಮೇಷ್ಟ್ರು ದುಸುಮುಸು ಮಾಡುತ್ತ ಬಂದರು. "ಅಕ್ಕ, ಮುಂದಿನ ವರ್ಷದಿಂದ..."

"ಅಂಗಡಿಯಿಂದಾನೇ ತರಿಸ್ಕೊಳ್ಳಿ ಮೇಷ್ಟ್ರೇ," ಎಂದಳು, ಅವರತ್ತ ತಿರುಗದೆ. ಅವಳ ಕಣ್ಣು ತುಂಬಿತ್ತು. ಚೀಲದಿಂದ ಅಳತೆ ಟೇಪು ತೆಗೆದು, ಅಷ್ಟು ಜನರ ಮುಂದೆಯೇ ಗಂಡನ ಎದುರು ನಿಂತಳು.

"ಕೈ ಎತ್ತಿ."